ಲುವೀನಿಯಾ ಎರಡು ಸಲ ಬಸ್ಸು ಹತ್ತಿದಳು

ಬಿಳಿಯರ ಅಂಗಿಗಳಿಗೆ ಇಸ್ತ್ರಿ ತಿಕ್ಕಿಯೇ ಲುವೀನಿಯಾ ಟಾರ್ವರ್ ತನ್ನ ಮಕ್ಕಳನ್ನು ದಡ ಮುಟ್ಟಿಸಿದ್ದಳು. ಗಂಡ ಹೋದ ಮೇಲೆ ಅವಳು ಕಂಡ ದಾರಿ ಎರಡೇ: ಭಾನುವಾರ ಚರ್ಚು, ಉಳಿದ ದಿನ ಕೆಲಸದ ಮನೆಗೆ ಬಸ್ಸು. ಅಮೆರಿಕದ ಮಾಂಟ್ಗಮರಿ ಊರಿನ ಬಸ್ಸಿನಲ್ಲಿ ಮುಂದಿನ ಸೀಟು ಬಿಳಿಯರಿಗೇ ಮೀಸಲು; ಕರಿಯರು ಮುಂಬಾಗಿಲಲ್ಲಿ ಹತ್ತಿ ಡಬ್ಬಿಗೆ ಕಾಸು ಹಾಕಿ, ಮತ್ತೆ ಕೆಳಗಿಳಿದು ಹಿಂಬಾಗಿಲಿಗೆ ಓಡಬೇಕಿತ್ತು. ಅಷ್ಟರಲ್ಲಿ ಡ್ರೈವರ್ ಬಿಟ್ಟುಕೊಂಡು ಹೋದರೆ ಕೇಳುವವರಿಲ್ಲ. ಗ್ರಿಗ್ಸ್ ಎಂಬ ಡ್ರೈವರ್ ಅವಳನ್ನು ಹಾಗೆ ರಸ್ತೆಯಲ್ಲೇ ಬಿಟ್ಟು ಹೋದದ್ದುಂಟು.

ಹಾಗಾಗಿ ಊರಿನ ಕರಿಯರೆಲ್ಲ ಇದನ್ನು ವಿರೋಧಿಸಿ ಬಸ್ಸು ಹತ್ತುವುದನ್ನೇ ಬಿಟ್ಟಾಗ ಅವಳೂ ಬಿಟ್ಟಳು. ಒಂದು ವರ್ಷಕ್ಕೂ ಮೀರಿ ನಡೆದಳು. ಮಂಡಿ ಊದಿತು, ಹಟ ಇಳಿಯಲಿಲ್ಲ. ಕೊನೆಗೆ ಯಾರು ಎಲ್ಲಿ ಬೇಕಾದರೂ ಕೂರಬಹುದೆಂದು ಕೋರ್ಟು ಹೇಳಿತು.

"ಮುಂದಿನ ಸೀಟಲ್ಲಿ ನಾನಾಗೇ ಕೂರ್ಬೇಕು. ಯಾರ ಅಪ್ಪಣೇನೂ ಬೇಡ," ಎಂದು ಅವಳು ಚರ್ಚಿನ ಗೆಳತಿ ಓಝೆಲ್ಲಾಗೆ ಹೇಳಿಯೇಬಿಟ್ಟಿದ್ದಳು.

ಮತ್ತೆ ಬಸ್ಸು ಹತ್ತಲು ಹೊರಟ ಮೊದಲ ಬೆಳಿಗ್ಗೆ ಬಂದದ್ದು ಗ್ರಿಗ್ಸನ ಬಸ್ಸೇ. ಓಝೆಲ್ಲಾ ಹತ್ತಿ ಡ್ರೈವರನ ಬೆನ್ನ ಹಿಂದೆಯೇ ಕೂತಳು. ಲುವೀನಿಯಾ ಡಬ್ಬಿಗೆ ಕಾಸು ಹಾಕಿದಳು. ಮನಸ್ಸು ಸೀಟಿನ ಕಡೆ ಹೋಯಿತು, ಹಾಳು ಕಾಲು ಕೆಳಗಿಳಿಯಿತು. ಮುಚ್ಚಿದ ಹಿಂಬಾಗಿಲ ಮುಂದೆ ನಿಂತ ಮೇಲೇ ಅವಳಿಗೆ ಎಚ್ಚರ.

ಓಝೆಲ್ಲಾ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು. "ಎಲ್ಲಿಗ್ ಹೊಂಟ್ಯೇ ಅಕ್ಕಾ? ಬಸ್ಸಿಗೆ ಪ್ರದಕ್ಷಿಣೆ ಹಾಕ್ತೀಯಾ?"

"ಸುಮ್ನಿರೇ! ನನ್ ಕಾಲಿಗೆ ಕೋರ್ಟಿನ್ ಮಾತು ಇನ್ನೂ ಮುಟ್ಟಿಲ್ಲ."

ಗ್ರಿಗ್ಸ್ ತಲೆ ಹೊರಗೆ ಹಾಕಿ ಗದರಿದ. "ಏ ಹೆಂಗ್ಸೇ, ಹಿಂದಿನ್ ಬಾಗ್ಲು ತೆಗ್ಯಲ್ಲ. ಮುಂದ್ಗಡೆ ಹತ್ತಿ ಮುಂದೇನೇ ಕೂತ್ಕೋ!"

ಲುವೀನಿಯಾಗೆ ತಲೆ ಕೆಟ್ಟುಹೋಯಿತು. ಈ ಮನುಷ್ಯನ ಮಾತು ಕೇಳಬಾರದೆಂದೇ ಅಲ್ಲವೇ ವರ್ಷವಿಡೀ ಕಾಲು ಸವೆಸಿದ್ದು? ಈಗ ಮುಂದೆ ಕೂತರೆ ಅವನ ಅಪ್ಪಣೆಗೆ ಕೂತಂತೆ. ಕೂರದಿದ್ದರೆ ನಡೆದದ್ದೆಲ್ಲ ನೀರಿನಲ್ಲಿ ಹೋಮ. ಅವನು ಅಂದದ್ದು ಬೈಗುಳವೋ ಮರ್ಯಾದೆಯೋ, ಅದೂ ತಿಳಿಯಲಿಲ್ಲ. ಗೊಣಗುತ್ತಲೇ ಹತ್ತಿ ಓಝೆಲ್ಲಾಳ ಪಕ್ಕ ಕುಸಿದಳು.

"ಅವ್ನ್ ಹೇಳ್ದ, ನಾನ್ ಕೂತೆ. ಇದೂ ಒಂದ್ ಕೂರೋದಾ?"

"ಕುಂಡಿ ಮುಂದಿನ್ ಸೀಟಲ್ಲೈತಲ್ಲ, ಇನ್ನೇನ್ ಬೇಕು ನಿಂಗೆ?"

ಲುವೀನಿಯಾ ಗೆದ್ದೆನೋ ಸೋತೆನೋ ಎಂದು ಬಗೆಹರಿಯದೆ ಕೈಚೀಲವನ್ನು ತಿರುವುತ್ತ ಕೂತಳು.

ಮುಂದಿನ ಸ್ಟಾಪಿನಲ್ಲಿ ಟೋಪಿ ಹಾಕಿದ ಬಿಳಿಯನೊಬ್ಬ ಹತ್ತಿದ. ಹಿಂದೆ ಜಾಗ ಬೇಕಾದಷ್ಟಿತ್ತು. ಆದರೂ ಅವಳ ಎದುರೇ ನಿಂತು, ಇನ್ನೂ ಏಳಲಿಲ್ಲವೇ ಎಂಬಂತೆ ನೋಡಿದ. ಗ್ರಿಗ್ಸ್ ಕನ್ನಡಿಯಲ್ಲಿ ಕಣ್ಣು ನೆಟ್ಟು "ಏ, ಏಳ್..." ಎಂದವನು ಕೋರ್ಟಿನ ಮಾತು ನೆನಪಾಗಿ ಅಲ್ಲಿಗೇ ಬಾಯಿ ಮುಚ್ಚಿದ. ಅಷ್ಟಕ್ಕೇ ಲುವೀನಿಯಾಳ ಮಂಡಿ ತಾನಾಗಿ ಅರ್ಧ ಎದ್ದಿತ್ತು. ಓಝೆಲ್ಲಾ ಅವಳ ತೋಳು ಜಗ್ಗಲಿಲ್ಲ, ಕೂರು ಎನ್ನಲೂ ಇಲ್ಲ.

ಇಡೀ ಬಸ್ಸಿನಲ್ಲಿ ಕೂರು ಎಂದವರೂ ಇಲ್ಲ, ಏಳು ಎಂದು ಪೂರ್ತಿ ಹೇಳಿದವರೂ ಇಲ್ಲ.

ಲುವೀನಿಯಾ ಎರಡೂ ಕೈಯಲ್ಲಿ ಮಂಡಿಗಳನ್ನು ಅದುಮಿ ಕೆಳಗೆ ಕೂರಿಸಿದಳು. ಬಿಳಿಯ ಗೊಣಗಿಕೊಂಡು ಹಿಂದಕ್ಕೆ ಹೋದ.

"ಹ್ಞಾಂ," ಎಂದಳು ಓಝೆಲ್ಲಾಗೆ. "ಈಗ್ ಕೂತೆ ನೋಡು."