ಮೇ ತಿಂಗಳ ಸಿಮೆಂಟು

ಸಿಂಧನೂರಿನ ಶಾಲೆಯೊಂದರಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಚಿಕ್ಕವನಿದ್ದಾಗ ಬೋರ್ಡಿಂಗಿನಲ್ಲಿ ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಉಂಡು ಬೆಳೆದವನು. ಆ ಅಭ್ಯಾಸ ಮನೆಗೂ ಬಂತು. ಭಾನುವಾರ ಕಾರಿನ ರಿಪೇರಿ, ಬೇಸಿಗೆ ರಜೆಯಲ್ಲಿ ಮನೆಯ ರಿಪೇರಿ. ಈ ಕ್ರಮವನ್ನು ಹಲವು ವರ್ಷ ತಪ್ಪಿಸಲಿಲ್ಲ. ಈಗ ನೆನೆದರೆ ಸೊಂಟ ನೋಯುತ್ತದೆ.

ಕಾರು ಮೊದಲು ಕಾಲುವೆ ಗುತ್ತಿಗೆದಾರರೊಬ್ಬರದು. ಅವರು ಹೊಸದನ್ನು ತಂದ ಮೇಲೆ ಅದು ಬೇವಿನ ಮರದ ಕೆಳಗೆ ನಿಂತು ಕೋಳಿಗಳ ಪಾಲಾಗಿತ್ತು. ಕೋಳಿಗಳನ್ನು ಇಳಿಸಿ ನಾನು ಹತ್ತಿದೆ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸಾಬೂನು ತಿಕ್ಕಿ ಮುಚ್ಚುತ್ತಿದ್ದೆ. ರೇಡಿಯೇಟರ್ ಸೋರಿದರೆ ಅದರೊಳಗೆ ಅರಿಶಿಣ ಪುಡಿ ಹಾಕುತ್ತಿದ್ದೆ. ಸ್ವಲ್ಪ ದಿನ ನಿಲ್ಲುತ್ತಿತ್ತು. ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. “ಮಾಸ್ತರ ಕಾರಿಗೂ ಡ್ರಿಲ್ ಮಾಡಸ್ತಾನ. ಅದು ಬರೀ ‘ವಿಶ್ರಾಮ್’ ಒಂದ ಕಲತೈತಿ.”

ಮನೆಯದು ಇನ್ನೊಂದು ಕಥೆ. ಎಂಬತ್ತರ ದಶಕದ ಮೊದಲಲ್ಲಿ ಕಟ್ಟಿಸಿದ್ದು, ಕಪ್ಪು ಎರೆಹೊಲದ ಮೇಲೆ. ಮೂರೂ ಕಡೆ ಭತ್ತದ ಗದ್ದೆ. ಕಾಲುವೆಗೆ ನೀರು ಬಿಟ್ಟರೆ ನಮ್ಮ ಕಡೆಯ ಎರೆಮಣ್ಣು ನಾದಿಟ್ಟ ಹಿಟ್ಟಿನಂತೆ ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಆಗ ಗೋಡೆಗಳೂ ಬಾಯಿ ಬಿಡುತ್ತಿದ್ದವು. ಪ್ರತಿ ಮೇ ತಿಂಗಳಲ್ಲಿ ನಾನು ಬಿರುಕಿನ ಸಡಿಲ ಮಣ್ಣನ್ನು ಕೆರೆದು ತೆಗೆದು, ನೀರು ಚಿಮುಕಿಸಿ, ಒಳಗಿನ ತನಕ ಸಿಮೆಂಟು ತುರುಕಿ ತುಂಬಿ, ಮೇಲೆ ಗಿಲಾವು ಮಾಡಿ ಸುಣ್ಣ ಹೊಡೆಯುತ್ತಿದ್ದೆ. ಮುಂದಿನ ಬೇಸಿಗೆಗೆ ಬಿರುಕು ಬೇರೆ ಜಾಗದಲ್ಲಿರುತ್ತಿತ್ತು. ನಮ್ಮ ಓಣಿಯಲ್ಲಿ ಎಲ್ಲರೂ ಮಾಡುತ್ತಿದ್ದುದು ಇದನ್ನೇ. ಆದ್ದರಿಂದ ಯಾರಿಗೂ ಇದರಲ್ಲಿ ವಿಚಿತ್ರ ಕಾಣಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಗಳ ಮದುವೆಯಾಯಿತು. ಕೊಟ್ಟ ಊರು ಲಿಂಗಸುಗೂರು. ಅವಳು ಬಸುರಿಯಾದ ಸುದ್ದಿ ಬಂದ ದಿನದಿಂದ ನನ್ನ ಹೆಂಡತಿ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಿಚಿಡತೊಡಗಿದಳು. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಹೆಂಡತಿಯ ಮೊದಲ ಬಾಣಂತನದ ಹೊತ್ತಿಗೆ ಅವಳ ತಾಯಿ ಬದುಕಿರಲಿಲ್ಲ. ನಮ್ಮ ಅವ್ವನೇ ಮಾಡಿದ್ದಳು. ಆ ಮಾತನ್ನು ಅವಳು ಎಂದೂ ದೊಡ್ಡದು ಮಾಡಲಿಲ್ಲ. ಆದರೆ ಹಿತ್ತಲ ಕಡೆಯ ಕೋಣೆಯನ್ನು ತಾನೇ ಸಾರಿಸಿ ತೆರವು ಮಾಡಿದಳು. ಹೊರಸಿಗೆ ಹೊಸ ಹಗ್ಗ ಹೆಣೆಸಿದಳು. ಬಾಣಂತಿಗೆ ಬೇಕಾಗುವ ಅಳವಿ, ಅಂಟು, ಅರಿಶಿಣ ಎಲ್ಲವನ್ನೂ ಡಬ್ಬಿಗಳಿಗೆ ತುಂಬಿದಳು.

ಏಪ್ರಿಲ್‌ನಲ್ಲಿ ಬೀಗತಿ ಒಮ್ಮೆ ಬಂದು ಹೋದರು. ಚಹಾ ಕುಡಿದು ಆ ಕೋಣೆ ನೋಡಿದರು. ಮೂಲೆಯ ಬಿರುಕಿನಲ್ಲಿ ಬೆರಳಿಟ್ಟರು. ಬೆರಳು ಒಳಗೆ ಹೋಯಿತು.

“ಬೀಗ್ರ, ಮಳಿಗಾಲದಾಗ ಈ ಗ್ವಾಡಿ ಬಾಜೂ ಬಾಣಂತಿ ಮಲಗಸ್ತೀರಿ?”

“ರಜಾ ಬಿಡಲ್ರಿ, ಪಕ್ಕಾ ಮಾಡಿ ಬಿಡ್ತೀನಿ,” ಎಂದೆ.

“ಮಾಡ್ರಿ. ಗ್ವಾಡಿ ಗಟ್ಟಿ ಇತ್ತಂದ್ರ ಕುಬಸಾ ಮಾಡಿ ನಾನ ಕಳಸ್ತೀನಿ. ಇಲ್ಲಾಂದ್ರ ನಮ್ಮನ್ಯಾಗೂ ಹೊರಸೈತಿ.”

ನಗುತ್ತಲೇ ಹೇಳಿದರು. ಅವರು ಹೋದ ಮೇಲೆ ಹೆಂಡತಿ ಲೋಟಗಳನ್ನು ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೊಳೆದಳು.

ರಜೆ ಬಿಟ್ಟ ಮರುದಿನವೇ ಕೆಲಸ ಹಿಡಿದೆ. ಆ ವರ್ಷ ಬರೀ ಬಿರುಕು ತುಂಬುವುದು ಸಾಲದು ಎನಿಸಿತು. ಕೋಣೆಯ ಹೊರಮಗ್ಗುಲಿಗೆ ಎರೆಮಣ್ಣು ತೆಗೆದು, ನೀರಿಗೆ ಉಬ್ಬದ ಗರಸು ಮಣ್ಣು ಬಡಿಯಬೇಕೆಂದುಕೊಂಡೆ. ಗರಸು ನಮ್ಮಲ್ಲಿ ಸಿಗುವುದಿಲ್ಲ, ಮಸ್ಕಿಯ ಗುಡ್ಡದ ಕಡೆ ಸಿಗುತ್ತದೆ. ಟ್ರ್ಯಾಕ್ಟರಿನವರು ಇಂದು ನಾಳೆ ಎಂದರು. ಅವರನ್ನು ಕಾಯುವ ಸ್ವಭಾವ ನನ್ನದಲ್ಲ. ಕಾರಿನ ಹಿಂದಿನ ಸೀಟು ಬಿಚ್ಚಿಟ್ಟು, ಗೋಣಿಚೀಲಗಳಲ್ಲಿ ಗರಸು ತುಂಬಿ ತರತೊಡಗಿದೆ. ಬೆಳಿಗ್ಗೆ ಹೋಗಿ ಬಿಸಿಲೇರುವ ಮೊದಲು ವಾಪಸು. ಕಾರು ಹಿಂದಕ್ಕೆ ಕುಂತು, ಮೂತಿ ಮೇಲೆತ್ತಿ ಬರುತ್ತಿತ್ತು. ಒಂದು ದಿನ ಹಿಂದಿನ ಕಮಾನು ಪಟ್ಟಿ ಮುರಿಯಿತು. ಮಧ್ಯಾಹ್ನವೆಲ್ಲ ಕಾರಿನ ಕೆಳಗೆ ಮಲಗಿ, ಮುರಿದದ್ದಕ್ಕೆ ಹಳೆಯ ಪಟ್ಟಿಯ ತುಂಡು ಸೇರಿಸಿ ಬಿಗಿದೆ. ಸಂಜೆ ಮತ್ತೆ ಕರಣಿ ಹಿಡಿದೆ.

“ಇದಕ್ಕ ಅದು, ಅದಕ್ಕ ಇದು. ಎರಡಕ್ಕೂ ನೀವು,” ಎಂದಳು ಹೆಂಡತಿ. “ಒಂದೀಟು ಕುಂದರ್ರಿ.”

“ಕಾಲುವಿಗೆ ನೀರು ಬರಾದ್ರಾಗ ಮುಗೀಬೇಕು.”

ಮುಗಿಯಿತು. ಗೋಡೆ ಬೆಳ್ಳಗೆ ನಿಂತಿತು. ಕಾರಹುಣ್ಣಿಮೆ ಕಳೆದ ಮೇಲೆ ಸೀಮಂತದ ಕುಬಸ ಮಾಡಿ ಬೀಗತಿ ಮಾತಿನಂತೆ ಮಗಳನ್ನು ಕಳಿಸಿದರು. ಅವಳನ್ನು ಕರೆತಂದದ್ದೂ ಅದೇ ಕಾರಿನಲ್ಲಿ. ಸೀಟಿನ ಸಂದಿಯಲ್ಲಿ ಇನ್ನೂ ಗರಸು ಇತ್ತು.

ಕಾಲುವೆಗೆ ನೀರು ಬಂತು, ಗದ್ದೆಗಳಲ್ಲಿ ನಾಟಿಯಾಯಿತು. ಶ್ರಾವಣದ ಒಂದು ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯಲು ಭುಜ ಕೊಡಬೇಕಾಯಿತು. ಬಾಗಿಲನ್ನು ಇಳಿಸಿ ರಂದಾ ಹೊಡೆದೆ. ಎರಡು ದಿನಕ್ಕೆ ಮತ್ತೆ ಹಿಡಿಯಿತು. ಆಮೇಲೆ ತುಂಬಿದ್ದ ಬಿರುಕಿನ ಮೇಲಿನ ಗಿಲಾವು ಹೊಟ್ಟೆಯುಬ್ಬಿತು. ಎದುರಿನ ಮೂಲೆಯಲ್ಲಿ, ಹೊರಸಿನ ತಲೆಯ ಕಡೆ, ಹೊಸದೊಂದು ಬಿರುಕು ಮೇಲಿನಿಂದ ಇಳಿದು ಬಂತು. ಅದರಾಚೆ ಗದ್ದೆಯ ಹಸಿರು ಕಾಣುತ್ತಿತ್ತು.

ಮಗಳು ಹೊರಸಿನ ಮೇಲೆ ಕುಳಿತು ನೋಡುತ್ತಿದ್ದಳು. “ಅಪ್ಪಾ, ಕಿಟಕಿ ಒಂದು ಸಾಲದಂತ ಇನ್ನೊಂದು ಇಟ್ಟೀಯೇನು?”

ನಾನು ಉಬ್ಬಿದ ಗಿಲಾವನ್ನು ಉಳಿಯಿಂದ ಬಿಡಿಸಿದೆ. ಮೇ ತಿಂಗಳಲ್ಲಿ ತುಂಬಿದ ಸಿಮೆಂಟು ಹಲಗೆಯ ಹಾಗೆ ಇಡೀ ತುಂಡಾಗಿ ಹೊರಗೆ ಬಂತು. ಅದನ್ನು ವಾಪಸು ಇಟ್ಟು ನೋಡಿದೆ. ಒಳಗೆ ಹೋಗಲಿಲ್ಲ. ಬೇಸಿಗೆಯಲ್ಲಿ ಬೀಗತಿಯ ಬೆರಳು ಹೋಗಿದ್ದ ಸಂದಿಯಲ್ಲಿ ಸಿಮೆಂಟು ಹೊರಬಿದ್ದ ಮೇಲೆ ಈಗ ಉಗುರೂ ಹೋಗುತ್ತಿರಲಿಲ್ಲ. ನೆಲ ಉಬ್ಬಿದಾಗ ಗೋಡೆ ತಾನಾಗಿ ಕೂಡಿಕೊಳ್ಳಲು ಬರುತ್ತಿತ್ತು; ನಡುವೆ ನನ್ನ ಸಿಮೆಂಟು ನಿಂತಿತ್ತು. ಅಲ್ಲಿ ಕೂಡಲು ಜಾಗವಿಲ್ಲದೆ ಇಲ್ಲಿ ಒಡೆದಿತ್ತು.

ಆ ತುಂಡನ್ನು ಕೈಯಲ್ಲಿ ಹಿಡಿದು ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

“ಅಂದ್ರ ವರ್ಷಾ ವರ್ಷಾ ಗ್ವಾಡಿಗೆ ಬೆಣಿ ಬಡದಂಗಾತು.”

“ಹೂಂ.”

“ಅದೂ ಟೈಮಿಗೆ ಸರಿಯಾಗಿ,” ಎಂದಳು. ಮಗಳ ಹೊರಸಿನ ಕಡೆ ನೋಡಿ, “ಈಗೇನ್ ಮಾಡೋದು?” ಎಂದಳು. ಅವಳು ಗೋಡೆಯ ಬಗ್ಗೆ ಕೇಳುತ್ತಿರಲಿಲ್ಲ.

ನಾಗರ ಪಂಚಮಿ ಮುಗಿದು ಕೆಲವು ದಿನಕ್ಕೆ ಬೀಗತಿ ಅಳಿಯನ ಜೊತೆ ಬಸ್ಸಿನಲ್ಲಿ ಬಂದರು. ಹಬ್ಬದ ಉಂಡಿ ಕಟ್ಟಿಕೊಂಡು ಬಂದಿದ್ದರು. ಕೋಣೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದರು. ಮಳೆ ಹನಿಯುತ್ತಿತ್ತು, ಬಿರುಕಿನ ಕೆಳಗೆ ನೆಲ ಒದ್ದೆಯಾಗಿತ್ತು.

“ನಾ ಕರಕೊಂಡು ಹೋಗಾಕಂತ ಬಂದಿಲ್ರಿ,” ಎಂದರು ಹೆಂಡತಿಯ ಕಡೆ ತಿರುಗಿ. “ಆದ್ರ ಬಿಟ್ಟು ಹೋಗಾಕ ಮನಸ್ ಒಲ್ಲದು.”

ಉಳಿದ ಎರಡು ಕೋಣೆಗಳೂ ಅದೇ ನೆಲದ ಮೇಲಿದ್ದವು. ಹೆಂಡತಿ ಒಳಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು. ಅರಿಶಿಣದ ಡಬ್ಬಿ ಎತ್ತಿ ಅಲ್ಲಾಡಿಸಿದಳು.

“ಇದ್ರಾಗಿಂದು ಕಾರಿಗೆ ತಗೊಂಡೀರೇನು?”

ಒಂದು ಚಮಚೆ ಮಾತ್ರ ಎಂದೆ.

ಬೀಗತಿ, ಅಳಿಯ ಬಸ್ಸಿಗೆ ಹೋದರು. ನಾವು ಮರುದಿನ ಬೆಳಿಗ್ಗೆ ಹೊರಟೆವು. ಹೊರಸನ್ನು ತಲೆಕೆಳಗು ಮಾಡಿ ಕಾರಿನ ಮೇಲೆ ಕಟ್ಟಿದ್ದೆ. ಮಗಳು ಹಿಂದಿನ ಸೀಟಿನಲ್ಲಿ, ಅವಳ ಕಾಲ ಬಳಿ ಅಗ್ಗಿಷ್ಟಿಕೆ. ಮಸ್ಕಿ ಹಳ್ಳದ ಹತ್ತಿರ ರೇಡಿಯೇಟರ್ ಕುದಿಯಿತು. ಕೊಡ ತೆಗೆದುಕೊಂಡು ಇಳಿದೆ. ಗುಡ್ಡದ ಕಡೆ ನಾನು ಗರಸು ತೋಡಿದ್ದ ಗುಂಡಿಗಳಲ್ಲಿ ನೀರು ನಿಂತಿತ್ತು.

“ಅಪ್ಪಾ, ಬರೀ ನೀರು ತಗೊಂಡ ಬಾ,” ಎಂದಳು ಮಗಳು. “ಗರಸು ಬ್ಯಾಡ.”

ನನ್ನ ಹೆಂಡತಿ ಅದಕ್ಕೆ ನಕ್ಕಳು. ನಕ್ಕು, ಸೆರಗಿನಿಂದ ಮುಖ ಒರೆಸಿಕೊಂಡು, ಉಳಿದ ದಾರಿಯೆಲ್ಲ ಕಿಟಕಿಯ ಕಡೆ ನೋಡುತ್ತ ಕುಳಿತಳು.

ಲಿಂಗಸುಗೂರಿನಲ್ಲಿ ಬೀಗರ ಮನೆ ಕಲ್ಲುನೆಲದ ಮೇಲಿತ್ತು. ಬಾಗಿಲುಗಳು ಒಂದೇ ಬೆರಳಿಗೆ ತೆರೆದು ಮುಚ್ಚುತ್ತಿದ್ದವು. ಹೊರಸು ಇಳಿಸಿದ ಮೇಲೂ ಹೆಂಡತಿ ಹೊಸ್ತಿಲ ಹೊರಗೇ ನಿಂತಿದ್ದಳು. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ನಮ್ಮವರಲ್ಲಿ ಇರಲಿಲ್ಲ. ಬೀಗತಿ ಅವಳ ಕೈಯಿಂದ ಚೀಲ ತೆಗೆದುಕೊಳ್ಳಲಿಲ್ಲ. ಕೋಣೆಯ ಬಾಗಿಲು ತೋರಿಸಿದರು.

“ಬರ್ರಿ ಬೀಗತ್ಯಾರ. ಮನಿ ಅಷ್ಟ ನಮ್ದು. ಬಾಣಂತಾನ ನಿಮ್ದು. ಎರಿಯಾಕ ನಾ ನೀರು ಕಾಸಿ ಕೊಡ್ತೀನಿ, ಒಳಗ ಕೈ ಹಾಕಂಗಿಲ್ಲ.”

“ಸುಮ್ನಂತೀರಿ. ಎರಡು ದಿನಕ್ಕ ಬಂದು ಸಂಬಾರ ಹೆಚ್ಚು ಕಡಿಮಿ ಅಂತೀರಿ.”

“ಅಂತೀನಿ. ಅನ್ನದ ಇರ್ತೀನೇನು? ನೀವು ಕೇಳಬ್ಯಾಡ್ರಿ.”

ಹೆಂಡತಿ ಒಳಗೆ ಹೋದಳು.

ಕೂಸು ಮಹಾಲಯ ಅಮಾವಾಸ್ಯೆಯ ಹಿಂದೆಮುಂದೆ ಹುಟ್ಟಿತು. ನಾನು ಒಬ್ಬನೇ ಅಡುಗೆ ಮಾಡಿಕೊಂಡು, ಭಾನುವಾರ ಕಾರು ತೆಗೆದುಕೊಂಡು ಹೋಗುತ್ತಿದ್ದೆ. ಬಾಣಂತಿ ಕೋಣೆಯ ಹೊರಗೆ ಕುರ್ಚಿ ಹಾಕಿ ಕೂಡಿಸುತ್ತಿದ್ದರು. ಒಳಗಿಂದ ಹೊಗೆ, ಅಳವಿಯ ವಾಸನೆ ಬರುತ್ತಿತ್ತು. ಒಂದು ಭಾನುವಾರ ಹೆಂಡತಿ ಬೆವರೊರೆಸಿಕೊಳ್ಳುತ್ತ ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತಳು. ಬಹಳ ದಣಿದಿದ್ದಳು. ಇಬ್ಬರೂ ದಣಿದಿದ್ದೆವು.

“ಮನಿ ಹ್ಯಾಂಗೈತಿ?”

“ಐತಿ. ಹಳೇ ಬಿರಕು ಮುಚ್ಚೈತಿ. ಹೊಸದು ಹಂಗ ಐತಿ.”

“ಕೈ ಹಚ್ಚೀರೇನು?”

“ಇಲ್ಲ.”

ಅವಳು ನನ್ನ ಕೈಗಳನ್ನು ನೋಡಿದಳು. ಎಣ್ಣೆಯ ಕಲೆಯಿತ್ತು, ಸಿಮೆಂಟು ಇರಲಿಲ್ಲ. ಒಳಗೆ ಕೂಸು ಅತ್ತಿತು. ಅಡುಗೆ ಮನೆಯಿಂದ ಬೀಗತಿ, “ಬೀಗತ್ಯಾರ, ನೀರು ಕಾದಾವ,” ಎಂದರು.

“ಬಂದೆ,” ಎಂದು ಎದ್ದು, “ನನ್ನ ಕೆಲಸದಾಗ ಇವತ್ತಿನತನಕ ಕೈ ಹಾಕಿಲ್ಲ ಆಕಿ,” ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಒಳಗೆ ಹೋದಳು.