ಮೂರನೆಯ ದೀಪ

ಸ್ಕೂಟರ್ ನಿಲ್ಲಿಸಲು ಜಾಗ ಸಾಲದೆ ದಿನಾ ಜಗಳವಾಡುವ ನಮ್ಮ ಹಿಂದವಾಡಿ ಓಣಿಯಲ್ಲಿ ಬಿಂದುಮಾಧವರಾಯರು ಒಂದು ದೋಣಿ ಇಟ್ಟುಕೊಂಡಿದ್ದಾರೆ. ಹೊಳೆ ಇರುವುದು ಖಾನಾಪುರದಲ್ಲಿ, ದೋಣಿ ಇರುವುದು ನನ್ನ ಗೋಡೆಯಾಚೆ. ನಾನು ನಿವೃತ್ತ ಮಾಸ್ತರ. ಪಕ್ಕದ ಮನೆಯವರ ಹುಚ್ಚು ನೋಡಲು ನನಗೆ ಬೇಕಾದಷ್ಟು ಪುರಸೊತ್ತು ಇದೆ.

ರಾಯರು ಉದ್ಯಮಬಾಗದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಮೂವತ್ತೆಂಟು ವರ್ಷ ಕಳೆದವರು. ಅಳೆಯದೆ ಏನನ್ನೂ ನಂಬುವವರಲ್ಲ. ಮಳೆಗಾಲದಲ್ಲಿ ಖಾನಾಪುರದ ಕಡೆ ಹೊಳೆ ಏರಿದರೆ ಅಲ್ಲಿಯ ನೆರೆ ರಕ್ಷಣೆಯ ತಂಡದವರು ಫೋನ್ ಮಾಡುತ್ತಾರೆ, ಇವರು ಜೀಪಿಗೆ ದೋಣಿ ಕಟ್ಟಿಕೊಂಡು ಹೋಗುತ್ತಾರೆ. ಕಷ್ಟವೆಲ್ಲ ತಿರುಗಿ ಬಂದ ಮೇಲೆ. ಮನೆಯ ಪಕ್ಕದ ಸಂದಿ ಎಷ್ಟು ಇಕ್ಕಟ್ಟೆಂದರೆ ಜೀಪು ಒಳಗೆ ಹೋಗುವುದಿಲ್ಲ. ಗಾಲಿಗಳ ಟ್ರೇಲರ್ ಮೇಲಿನ ದೋಣಿಯನ್ನು ಕೈಯಿಂದಲೇ ತಳ್ಳಬೇಕಿತ್ತು. ಸೊಂಟ ಹಿಡಿದುಕೊಂಡ ಮೇಲೆ ಅವರೇ ಒಂದು ಯಂತ್ರ ಮಾಡಿಕೊಂಡರು. ಇ-ರಿಕ್ಷಾದ ಮೋಟಾರು, ಬ್ಯಾಟರಿ, ಎರಡು ದಪ್ಪ ಟೈರು, ಒಂದು ಉದ್ದ ಹಿಡಿಕೆ. ಟ್ರೇಲರಿನ ಮೂತಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ನಡಿಗೆಯ ವೇಗದಲ್ಲಿ ದೋಣಿಯನ್ನು ಒಳಗೆ ತಳ್ಳುತ್ತಿತ್ತು. ತಲೆಯಿಂದ ಗುದ್ದುತ್ತದೆ ಎಂದು ಅದಕ್ಕೆ ಟಗರು ಎಂದು ಹೆಸರಿಟ್ಟವನು ನಾನೇ.

ಟಗರಿನ ಹಿಡಿಕೆಯ ಮೇಲೆ ಭಾರ ತೋರಿಸಲು ಮೂರು ದೀಪ ಕೂಡಿಸಿದ್ದರು. ಖಾಲಿ ದೋಣಿಗೆ ಎರಡು ಹತ್ತಬೇಕು, ಒಬ್ಬರು ಕೂತರೆ ಮೂರನೆಯದು. ಅಳತೆ ಸರಿಪಡಿಸಲು ಹೆಂಡತಿ ಕುಂದಾಬಾಯಿಯನ್ನೇ ದೋಣಿಯಲ್ಲಿ ಕೂರಿಸಿ ಅಂಗಳದಲ್ಲಿ ನಾಲ್ಕು ಸಲ ತಿರುಗಿಸಿದರು.

"ನನ್ನ ತೂಕ ಓಣಿಗೆಲ್ಲಾ ಸಾರಬ್ಯಾಡ್ರಿ ಮತ್ತ," ಎಂದು ಆಕೆ ದೋಣಿಯಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಹೋದ ವರ್ಷದ ಜುಲೈ ತಿಂಗಳಲ್ಲಿ ನೆರೆಗೆ ಹೋದ ರಾಯರು ಮೂರನೆಯ ದಿನ ತಿರುಗಿ ಬಂದರು. ಗೇಟು ಹಿಡಿದು ನಿಂತವನು ನಾನು. ಟಗರು ದೋಣಿಯನ್ನು ತಳ್ಳತೊಡಗಿತು. ಮೂರೂ ದೀಪ ಹತ್ತಿದವು. ರಾಯರು ನಿಲ್ಲಿಸಿ ಒಳಗೆ ಇಣುಕಿದರು. ಒಂದು ಹಗ್ಗ ಮತ್ತು ನೀರು ಎತ್ತುವ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು ಅವರ ಪರೀಕ್ಷೆ. ಬ್ಯಾಟರಿ ಬದಲಿಸಿದರು. ಗಾಲಿಗೆ ಗ್ರೀಸು ತುಂಬಿದರು. ಅಂಗಳದ ಇಳಿಜಾರು ಅಳೆದರು. ದೋಣಿ ತೆಗೆದು ಅಷ್ಟೇ ತೂಕದ ಮರಳಿನ ಚೀಲ ಹೇರಿ ನೋಡಿದರೆ ಎರಡೇ ದೀಪ. ದೋಣಿಯನ್ನು ತೊಳೆಯಲು ಹೊರಗೆ ತರುವಾಗಲೂ ಎರಡೇ. ಒಳಗೆ ಹಾಕುವಾಗ ಮಾತ್ರ ಮೂರು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಒಮ್ಮೆ ನಾನೂ ಬಗ್ಗಿ ನೋಡಿದೆ. ದೋಣಿಯೆಲ್ಲ ಕಾದ ಹೆಂಚಿನಂತಿತ್ತು. ಮುಂದಿನ ಹಲಗೆಯ ನಡುವೆ ಮಾತ್ರ ಒಬ್ಬರು ಕೂರುವಷ್ಟು ಜಾಗ ಹಸಿಯಾಗಿತ್ತು, ತೊಯ್ದ ಕಂಬಳಿಯ ವಾಸನೆ ಬರುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ದೆವ್ವ ಇಲ್ಲವೆಂದು ಪಾಠ ಹೇಳಿದವನು ನಾನು. ನಿಜ ಹೇಳುತ್ತೇನೆ, ಅಂದು ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ಆ ಸಂಜೆ ಚಪ್ಪಲಿ ತಂದುಕೊಟ್ಟ ರಾಯರು ನಮ್ಮ ಕಟ್ಟೆಯ ಮೇಲೆ ಕೂತು ಬಾಯಿಬಿಟ್ಟರು.

"ಮಾಸ್ತರ, ಅಕಿ ಹೆಸರು ಸತ್ಯವ್ವ. ಕಂಬಳಿ ಹೊದ್ದ ಮುದುಕಿ. ಹೋದ ವರ್ಷ ನೀರು ಹೊಕ್ಕ ಹೊಳಿದಂಡಿ ವಸ್ತ್ಯಾಗ ಎಲ್ಲಾರಕಿಂತ ಮೊದಲ ಬಂದು ದೋಣ್ಯಾಗ ಕುಂತಾಕಿ ಅಕಿನ. ಹಿಂದ ಮಕ್ಕಳು ಮರಿ ಕಟಗೊಂಡು ಒಂದು ಮನಿಯವರು ಬಂದ್ರು. ನಾ ಅಂದೆ, ಆಯಿ, ಜಾಗ ಇಲ್ಲ, ನೀವು ಇಳೀರಿ, ಮುಂದಿನ ಸಲ ಕರಕೊಂಡು ಹೋಗ್ತೀನಿ ಅಂತ. ಒಂದು ಮಾತು ಆಡಲಿಲ್ಲ ಅಕಿ. ಇಳದು ತನ್ನ ಮನಿ ಕಟ್ಟಿ ಮ್ಯಾಲೆ ಕುಂತಳು."

"ಮತ್ತ?"

"ತಿರುಗಿ ಹೋಗೂದರಾಗ ಗ್ವಾಡಿ ಬಿದ್ದಿತ್ತು. ಎರಡು ದಿನಕ್ಕ ಹೆಣ ಹೊಳಿ ಹರದ ಕಡೆ ದೂರ ಸಿಕ್ತು."

"ಜಾಗ ಇರಲಿಲ್ಲಲ್ರಿ, ನೀವರ ಏನ್ ಮಾಡ್ತಿದ್ರಿ?"

ರಾಯರು ತಲೆ ಅಲ್ಲಾಡಿಸಿದರು. "ಜಾಗ ಇತ್ತು. ಇನ್ನೊಬ್ಬರ ಭಾರ ಖರೇನ ತಡೀತಿತ್ತು ದೋಣಿ. ಲೆಕ್ಕ ನನಗ ಗೊತ್ತಿತ್ತು. ನೀರು ನೋಡಿ ಅಂಜಿದೆ, ಮಾಸ್ತರ."

ನನಗೆ ಅವರ ಮೇಲೆ ಸಿಟ್ಟು ಬಂತು, ಅಷ್ಟೇ ಮರುಕವೂ ಬಂತು. ಒಳಗೆ ಕೂಗಿ ಚಹಾ ತರಿಸಿದೆ.

ಈ ವರ್ಷ ಜುಲೈ ಎರಡನೆಯ ವಾರ ಮಧ್ಯಾಹ್ನ ಖಾನಾಪುರದಿಂದ ಫೋನ್ ಬಂತು. ಹೊಳೆ ಏರುತ್ತಿದೆ, ದೋಣಿ ಬೇಕು. "ತಾಸಿನಾಗ ಹೇಳ್ತೀನಿ," ಎಂದರು ರಾಯರು. ಜೀಪು ತರಿಸಲಿಲ್ಲ. ದೋಣಿಯನ್ನು ಅಂಗಳಕ್ಕೆ ತಂದು, ಮೂತಿ ತಿರುಗಿಸಿ, ಮತ್ತೆ ಸಂದಿಯ ಕಡೆ ಹಿಡಿದರು.

"ಇವತ್ತೂ ಮೂರು ಹತ್ತಿದ್ರ ದೋಣಿ ಗುಜರಿಗಿ ಹಾಕ್ತೀನಿ. ಇದರಾಗ ಇನ್ನ ಯಾರನ್ನೂ ಕುಂದರ್ಸೂದಿಲ್ಲ."

ಟಗರು ಗುರುಗುಟ್ಟಿತು. ಒಂದು, ಎರಡು, ಮೂರು. ಸಣ್ಣ ಮಳೆಯಲ್ಲಿ ಮೂರನೆಯ ಕೆಂಪು ದೀಪ ಸ್ಪಷ್ಟವಾಗಿ ಕಾಣುತ್ತಿತ್ತು. ರಾಯರ ಕೈ ಗುಂಡಿಯಿಂದ ಜಾರಿತು.

ಆಗ ಕುಂದಾಬಾಯಿ ಒಳಗಿನಿಂದ ಬಂದರು. ನಮ್ಮ ಕಡೆ ಮನೆಗೆ ಬಂದವರಿಗೆ ಕೊಡುವ ಹಾಗೆ, ಒಂದು ತಾಟಿನಲ್ಲಿ ತುಂಬಿದ ಲೋಟ ನೀರು, ಒಂದು ತುಂಡು ಬೆಲ್ಲ. ಅದನ್ನು ದೋಣಿಯ ಮುಂದಿನ ಹಲಗೆಯ ಮೇಲಿಟ್ಟರು.

"ವರ್ಷಾತು, ಮನಿಗೆ ಬಂದವರನ್ನ ಬಾಗಿಲಾಗ ಇಟ್ಟು ಗ್ರೀಸ್ ಹಚ್ಚಕೋತ ಕುಂತೀರಿ. ಇಳದು ಒಳಗ ಬರ್ರಿ ಅಂತ ಕರೀರಿ ಅಕಿನ್ನ."

ರಾಯರು ಬಾಯಿ ತೆರೆದರು. ಇಳಿಯಿರಿ ಎಂಬ ಮಾತು ಹೊರಡಲಿಲ್ಲ. ಅಂದೂ ಆಡಿದ್ದು ಅದನ್ನೇ ಅಲ್ಲವೇ! ಮುಖವೆಲ್ಲ ನೀರಾಗಿ, ಖಾಲಿ ಹಲಗೆಯ ಎದುರು ಕೈಮುಗಿದು ನಿಂತರು.

"ಕುಂದರ್ರಿ ಆಯಿ," ಎಂದರು. "ಕುಂದರ್ರಿ. ಜಾಗ ಐತಿ."

ಆಮೇಲೆ ಗುಂಡಿ ಒತ್ತಿದರು. ಟಗರು ಎಷ್ಟು ಹಗುರಾಗಿ ಮುಂದೆ ಹೋಯಿತೆಂದರೆ ರಾಯರು ಮುಗ್ಗರಿಸಿದರು. ಎರಡೇ ದೀಪ. ಅವರು ಮೂರನೆಯದನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ಅದು ಹತ್ತಲಿಲ್ಲ.

ಅವರು ಅಲ್ಲೇ ಕುಸಿದು ಕೂತು ಅತ್ತರು, ಆಮೇಲೆ ಖಾನಾಪುರಕ್ಕೆ ಫೋನ್ ಹಚ್ಚಿ "ಬರ್ತೀನಿ" ಎಂದರು. ಜೀಪು ಬರುವಷ್ಟರಲ್ಲಿ ಕುಂದಾಬಾಯಿ ತಾಟು ಎತ್ತಿಕೊಳ್ಳಲು ಹೋದವರು ನನ್ನನ್ನು ಕರೆದರು. ನಾನು ಹೋಗಿ ನೋಡಿದೆ. ಲೋಟದ ನೀರು ತುಂಬಿದ್ದು ತುಂಬಿದ ಹಾಗೆಯೇ ಇತ್ತು.

ಬೆಲ್ಲ ಇರಲಿಲ್ಲ.