ಬೆನ್ನ ಹಿಂದಿನ ಸಂಥೆ

ದೇವರನ್ನು ನಂಬುವವನು ಇಂಥ ಕಥೆಗಳನ್ನೆಲ್ಲ ನಂಬುತ್ತಾನೆಂದು ಜನ ತಿಳಿಯುತ್ತಾರೆ. ನನ್ನ ವಿಷಯದಲ್ಲಿ ಹಾಗಿರಲಿಲ್ಲ. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು ನಾನು. ತ್ರಿಕಾಲ ಸಂಧ್ಯಾವಂದನೆಯನ್ನು ಈ ಮುಂಬಯಿಯ ಲೋಕಲ್ ರೈಲಿನ ಬದುಕಿನಲ್ಲಿಯೂ ಬಿಟ್ಟವನಲ್ಲ. ಆದರೆ ಯಾರಾದರೂ ಅಶರೀರ ದನಿ ಕೇಳಿದೆನೆಂದರೆ, ಪಿತ್ತ ಕೆದರಿರಬೇಕು ಎಂದು ಮನಸ್ಸಿನಲ್ಲೇ ನಗುತ್ತಿದ್ದೆ. ಓದುಗರೂ ಹಾಗೆ ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ನಾನು ನಿವೃತ್ತನಾಗಿ ಡೊಂಬಿವಲಿಯ ಮನೆಯಲ್ಲಿದ್ದೆ. ನಮ್ಮ ಕಟ್ಟಡದಲ್ಲೇ ಇದ್ದವರು ಉಡುಪಿ ಕಡೆಯ ಶೆಟ್ಟರು; ವಿಠ್ಠಲವಾಡಿ ಸ್ಟೇಷನ್ನಿನ ಎದುರು ಅವರದೊಂದು ಹೋಟೆಲು. ಅವರಿಗೆ ಹೃದಯದ ಚಿಕಿತ್ಸೆಯಾಗಿ ಕೆಲವು ವರ್ಷಗಳಾಗಿದ್ದವು. ವೈದ್ಯರ ಅಪ್ಪಣೆಯಂತೆ ಮೊದಲು ನಡಿಗೆ, ಆಮೇಲೆ ನಿಧಾನದ ಓಟ ಶುರುವಾಯಿತು. ಒಬ್ಬರೇ ಹೋಗಬಾರದೆಂದು ಅವರ ಪತ್ನಿ ಸುಮತಿಯಮ್ಮ ನನ್ನನ್ನು ಜೊತೆಗೆ ಕಳುಹಿಸಿದರು. ಹೀಗೆ ಅರವತ್ತರ ಹೊಸ್ತಿಲಲ್ಲಿ ಪಂಚೆಯುಟ್ಟು ಬೆಳೆದ ನಾನು ಚಡ್ಡಿ ತೊಟ್ಟು ಓಡುವವನಾದೆ.

ವೈದ್ಯರು ಒಂದೇ ಒಂದು ಕಟ್ಟಳೆ ಹಾಕಿದ್ದರು. ಓಡುವಾಗ ಶೆಟ್ಟರಿಗೆ ಮಾತಾಡಲು ಆಗಬೇಕು. ಮಾತು ನಿಂತರೆ ಓಟವೂ ನಿಲ್ಲಬೇಕು. ಡೊಂಬಿವಲಿಯ ಬೀದಿಯಲ್ಲಿ, ರಿಕ್ಷಾಗಳ ನಡುವೆ, ಇಬ್ಬರು ಜೊತೆಜೊತೆಯಾಗಿ ಮಾತಾಡುತ್ತ ಓಡುವುದು ಸಾಧ್ಯವಿಲ್ಲ. ನಾನು ಮುಂದೆ, ಅವರು ಹಿಂದೆ. ಆದ್ದರಿಂದ ನನ್ನ ನಿತ್ಯಪಾರಾಯಣದ ಸ್ತೋತ್ರವನ್ನೇ ಮಾತಾಗಿ ಮಾಡಿಕೊಂಡೆವು. ಗುರು ಒಂದು ಸಾಲು ಹೇಳಿದರೆ ಶಿಷ್ಯ ಅದನ್ನು ಮರಳಿ ಹೇಳುವ ಕ್ರಮಕ್ಕೆ ಪಾಠಶಾಲೆಯಲ್ಲಿ ಸಂಥೆ ಎನ್ನುತ್ತಿದ್ದೆವು. ಅದೇ ಕ್ರಮದಲ್ಲಿ ನಾನು ಒಂದು ಸಾಲು ಹೇಳುವುದು, ಬೆನ್ನ ಹಿಂದಿನಿಂದ ಶೆಟ್ಟರು ಅದನ್ನು ಏದುಸಿರಿನಲ್ಲಿ ಮರುನುಡಿಯುವುದು. ಒಂದು ವರ್ಷದಲ್ಲಿ, ಪುಸ್ತಕ ಮುಟ್ಟದೆ, ಸ್ತೋತ್ರದ ಬಹುಭಾಗ ಅವರಿಗೆ ಕಂಠಸ್ಥವಾಯಿತು.

ಕೊನೆಯ ಹತ್ತಾರು ಶ್ಲೋಕಗಳನ್ನು ಮಾತ್ರ ನಾನು ಕಲಿಸಿರಲಿಲ್ಲ. ಹಿಂದಿನದು ತಪ್ಪಿಲ್ಲದೆ ಬರುವವರೆಗೆ ಮುಂದಿನದನ್ನು ಕೊಡಕೂಡದೆಂಬುದು ನಮ್ಮ ಗುರುಗಳ ಪದ್ಧತಿ. ಆ ಭಾಗ ಬಂದಾಗ ನಾನೊಬ್ಬನೇ ಬಿಡುವಿಲ್ಲದೆ ಹೇಳಿ ಮುಗಿಸುತ್ತಿದ್ದೆ. ಹಿಂದಿನಿಂದ ಅವರ ಕಾಲ ಸಪ್ಪಳವಷ್ಟೇ ಕೇಳುತ್ತಿತ್ತು.

"ಎಂತ ಭಟ್ರೆ, ಗಿರಾಕಿಗೆ ಊಟ ಬಡಿಸಿ ಪಾಯಸ ಅಡಗಿಸಿಟ್ಟ ಹಾಗಾಯ್ತಲ್ಲ ಇದು," ಎಂದು ಶೆಟ್ಟರು ಕೆಣಕುತ್ತಿದ್ದರು.

"ಮೊದಲು ಅನ್ನ ಚೆಲ್ಲದೆ ಉಣ್ಣಿ ಶೆಟ್ರೆ," ಎನ್ನುತ್ತಿದ್ದೆ.

ಇನ್ನೊಂದು ನಿಯಮವೂ ಇತ್ತು. ಒಮ್ಮೆ ಆರಂಭಿಸಿದ ಆವೃತ್ತಿ ಮುಗಿಯುವವರೆಗೆ ಅನ್ಯ ಮಾತಿಲ್ಲ, ಹಿಂದಿರುಗಿ ನೋಡುವುದಿಲ್ಲ. ಏಳನೆಯ ವಯಸ್ಸಿನಲ್ಲಿ ಗುರುಗಳ ಮುಂದೆ ಕುಳಿತಾಗ ಬಂದ ಅಭ್ಯಾಸ ಅದು.

ಆ ವರ್ಷ ನವಿ ಮುಂಬಯಿಯಲ್ಲಿ ನಡೆಯಲಿದ್ದ ಪೂರ್ಣ ಮ್ಯಾರಥಾನಿಗೆ ಇಬ್ಬರೂ ಹೆಸರು ಕೊಟ್ಟೆವು. ಪರೀಕ್ಷೆಗಳನ್ನೆಲ್ಲ ನೋಡಿ ವೈದ್ಯರು ಒಪ್ಪಿದರು. ಸುಮತಿಯಮ್ಮ ಒಪ್ಪಲಿಲ್ಲ, ಆದರೆ ತಡೆಯಲಿಲ್ಲ. ವಾಶಿಯಲ್ಲಿ ಓಟ ಆರಂಭವಾಗುವ ಮೈದಾನದವರೆಗೂ ಬಂದರು. ಗಂಡನ ಕೊರಳಿಗೆ ಬೈರಾಸ ಸುತ್ತಿದರು. ನಮ್ಮ ಕಡೆ ಬೆವರೊರೆಸುವ ಟವೆಲ್ಲಿಗೆ ಹಾಗೆನ್ನುತ್ತಾರೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಭಟ್ರೆ, ಇವರು ಹಟದವರು. ಎದೆ ನೋವಾದ್ರೂ ಹೇಳುವವರಲ್ಲ. ಹಿಂದಿನ ಸ್ವರ ನಿಂತ್ರೆ ನೀವು ನಿಲ್ಲಬೇಕು. ಅಷ್ಟೇ ನಾನು ಕೇಳುವುದು."

"ನಿಲ್ಲುತ್ತೇನೆ ತಾಯಿ," ಎಂದೆ.

ಅರ್ಧ ದಾರಿಯವರೆಗೆ ವಿಶೇಷವೇನೂ ನಡೆಯಲಿಲ್ಲ. ಆವೃತ್ತಿಯ ಮೇಲೆ ಆವೃತ್ತಿ, ನಡುನಡುವೆ ನೀರು, ಶೆಟ್ಟರ ತಮಾಷೆ. ಯುವಕರೆಲ್ಲ ಮುಂದೆ ಹೋದರು. ನಾವು ಕಟ್ಟಕಡೆಯ ಕೆಲವರಲ್ಲಿ ಸೇರಿದೆವು. ಸಮುದ್ರದ ನೀರು ಒಳನುಗ್ಗುವ ಖಾಡಿಯ ಪಕ್ಕದ ಉದ್ದ ರಸ್ತೆಗೆ ಬಂದಾಗ ಬಿಸಿಲೇರಿತ್ತು. ಒಂದು ಕಡೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು, ಇನ್ನೊಂದು ಕಡೆ ದೂರದ ಕಟ್ಟಡಗಳು. ನೀರಿನ ಮೇಜಿನ ಬಳಿ ಒಂದು ಗುಟುಕು ಕುಡಿದು, "ನಡೆಯೋಣವೇ ಶೆಟ್ರೆ?" ಎಂದು ಹೊರಟೆ. ಬಸ್ ನಿಲ್ದಾಣವೊಂದನ್ನು ದಾಟಿ, ಮತ್ತೆ ಮೊದಲಿನಿಂದ ಸ್ತೋತ್ರವನ್ನು ಆರಂಭಿಸಿದೆ.

ಮೊದಲ ಸಾಲಿಗೆ ಮರುನುಡಿ ಬಂತು. ಎರಡನೆಯದಕ್ಕೂ ಬಂತು. ಅದೇ ಶೆಟ್ಟರ ದನಿ, ಕರಾವಳಿಯ ಅದೇ ಒತ್ತು. ನಾನು ನಿಶ್ಚಿಂತನಾಗಿ ಓಡಿದೆ. ಸ್ವಲ್ಪ ಹೊತ್ತಿನ ಮೇಲೆ ಏನೋ ಒಂದು ಕೊರತೆಯೆನಿಸಿತು, ಏನೆಂದು ತಿಳಿಯಲಿಲ್ಲ. ಮತ್ತೂ ಕೆಲವು ಶ್ಲೋಕಗಳಾದ ಮೇಲೆ ಹೊಳೆಯಿತು. ಆ ದನಿಯಲ್ಲಿ ಏದುಸಿರಿರಲಿಲ್ಲ. ದೇವರ ಮುಂದೆ ಮಣೆಯ ಮೇಲೆ ಕುಳಿತವನ ದನಿಯಂತೆ ಅದು ಸಮವಾಗಿತ್ತು. ನನಗೋ ಒಂದೊಂದು ಸಾಲಿಗೂ ಎದೆ ಉಬ್ಬಸಪಡುತ್ತಿತ್ತು. ಶೆಟ್ಟರು ಇಂದು ನನಗಿಂತ ಗಟ್ಟಿಯಾಗಿದ್ದಾರೆ ಎಂದು ಸಮಾಧಾನ ಹೇಳಿಕೊಂಡೆ. ತಿರುಗಿ ನೋಡಬೇಕೆನಿಸಿತು, ನಿಯಮ ತಡೆಯಿತು. ಸ್ವರ ನಿಂತರಲ್ಲವೇ ನಿಲ್ಲಬೇಕಾದದ್ದು? ಸ್ವರ ನಿಂತಿರಲಿಲ್ಲ.

ಕೊನೆಯ ಭಾಗ ಬಂತು. ದಣಿವಿನಿಂದ ಅದನ್ನು ಒಂದೇ ಓಘದಲ್ಲಿ ಹೇಳಲಾಗದೆ ಸಾಲು ಸಾಲಿಗೂ ಉಸಿರಿಗಾಗಿ ಬಿಡುವು ಕೊಟ್ಟೆ. ಆ ಬಿಡುವಿನಲ್ಲಿ ಮರುನುಡಿ ಬಂತು.

ಶೆಟ್ಟರು ಗುಟ್ಟಾಗಿ ಕಲಿತರೇ ಎಂದು ಮೊದಲು ಸಂತೋಷವಾಯಿತು. ಎರಡನೆಯ ಶ್ಲೋಕಕ್ಕೆ ಆ ಸಂತೋಷ ಉಳಿಯಲಿಲ್ಲ. ಬರಿಯ ಕೇಳಿಕೆಯಿಂದ ಕಲಿತವರು ಹಾಗೆ ಹೇಳಲಾರರು, ಒಂದಕ್ಷರವೂ ಜಾರುತ್ತಿರಲಿಲ್ಲ. ಆಗ ಇನ್ನೊಂದನ್ನು ಗಮನಿಸಿದೆ. ಹಿಂದಿನಿಂದ ದನಿ ಬರುತ್ತಿತ್ತು, ಕಾಲ ಸಪ್ಪಳ ಬರುತ್ತಿರಲಿಲ್ಲ.

ಇನ್ನು ಮೂರೇ ಶ್ಲೋಕಗಳು ಉಳಿದಿದ್ದಾಗ, ಜೀವನದಲ್ಲಿ ಮೊದಲ ಬಾರಿಗೆ, ಪಾರಾಯಣವನ್ನು ನಡುವೆ ನಿಲ್ಲಿಸಿ ತಿರುಗಿದೆ.

ದೂರದ ತಿರುವಿನವರೆಗೂ ರಸ್ತೆ ಬರಿದಾಗಿತ್ತು.

ನಾನು ನಿಂತದ್ದು ಓಟದವರ ಚಿಕಿತ್ಸಾ ಡೇರೆಯ ಎದುರಿನಲ್ಲೇ. ಒಬ್ಬ ಹುಡುಗಿ ನೀರು ಹಿಡಿದು ಓಡಿಬಂದು, "ಕಾಕಾ, ಕಾಯ್ ಝಾಲಂ? ಚಕ್ಕರ್ ಬರ್ತಿದೆಯಾ? ಕೂತ್ಕೊಳ್ಳಿ," ಎಂದಳು. ಏನಾಯಿತೆಂದು ಮರಾಠಿಯಲ್ಲಿ ಕೇಳಿ, ನನ್ನ ಉಚ್ಚಾರದಿಂದ ಕನ್ನಡಿಗನೆಂದು ಊಹಿಸಿಯೋ ಏನೋ, ಅವಳಿಗೆ ತಿಳಿದಷ್ಟು ಕನ್ನಡವನ್ನೂ ಬೆರೆಸಿದ್ದಳು. ನನಗಲ್ಲ, ನನ್ನ ಜೊತೆಗಾರರಿಗೆ ಎಂದೆ. ಆಂಬುಲೆನ್ಸಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹಿಂದಕ್ಕೆ ಹೊರಟರು. ರಸ್ತೆಯಲ್ಲಿ ಯಾರೂ ಕಾಣಲಿಲ್ಲ. ಬಸ್ ನಿಲ್ದಾಣದ ಬಳಿ, ಅದರ ಹಿಂಬದಿಯ ಹುಲ್ಲಿನ ಮೇಲೆ, ಬೈರಾಸದ ಕೆಂಪು ಅಂಚು ನನ್ನ ಕಣ್ಣಿಗೆ ಬಿತ್ತು. ಗೋಡೆಗೊರಗಿ ಶೆಟ್ಟರು ಕುಳಿತಿದ್ದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ತುಟಿಗಳು ಅಲುಗುತ್ತಿದ್ದವು, ದನಿಯಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಸುಮತಿಯಮ್ಮ ಕೇಳಿದ್ದು ಒಂದೇ ಮಾತು. "ಸ್ವರ ನಿಂತದ್ದು ನಿಮಗೆ ಗೊತ್ತಾಗ್ಲಿಲ್ವಾ ಭಟ್ರೆ?"

"ನಿಲ್ಲಲಿಲ್ಲ ತಾಯಿ," ಎಂದೆ. ಅವರು ನನ್ನನ್ನು ನೋಡಿದ ನೋಟವನ್ನು ಇಂದಿಗೂ ಮರೆತಿಲ್ಲ.

ಶೆಟ್ಟರು ಬದುಕಿದರು. ಮೂರನೆಯ ದಿನ ಮಾತಾಡಲು ಬಿಟ್ಟಾಗ ನಾನೇ ಕೇಳಿದೆ, ಯಾವಾಗ ಕುಳಿತಿರಿ ಎಂದು.

"ನೀವು ನೀರು ಕುಡಿದು ಹೊರಟ್ರಲ್ಲ, ಆಗಲೇ ಮಾರಾಯ್ರೆ. ಬಸ್ ಸ್ಟಾಪಿನ ನೆರಳಲ್ಲಿ ಎರಡು ನಿಮಿಷ ಅಂತ ಕೂತೆ. ಕರೆದೆ, ಸ್ವರವೇ ಹೊರಡ್ಲಿಲ್ಲ."

ಅಂದರೆ ಆ ಇಡೀ ಆವೃತ್ತಿಯಲ್ಲಿ ಒಂದು ಸಾಲನ್ನೂ ಅವರು ನುಡಿದಿರಲಿಲ್ಲ. ಅವರೇ ಮುಂದುವರಿಸಿದರು.

"ಆದ್ರೆ ಹೆದರಿಕೆ ಆಗ್ಲಿಲ್ಲ ನನಗೆ. ನೀವು ಕಿವಿಯ ಹತ್ರವೇ ಹೇಳ್ತಾ ಇದ್ರಲ್ಲ. ಅಲ್ಲ ಭಟ್ರೆ, ಆ ಪಾಯಸ ಬಡಿಸ್ಲಿಕ್ಕೆ ಶುರು ಮಾಡಿ, ಮುಗಿಯುವ ಹೊತ್ತಿಗೆ ಯಾಕೆ ನಿಲ್ಲಿಸಿದ್ರಿ?"

ಸುಮತಿಯಮ್ಮ, "ಸಾಕು, ಮಾತು ಕಮ್ಮಿ ಮಾಡಿ," ಎಂದು ಹೊದಿಕೆ ಸರಿಪಡಿಸಿದರು. ಆ ಕೊನೆಯ ಭಾಗ ಹೇಳುವಾಗ ನಾನು ಬಸ್ ನಿಲ್ದಾಣದಿಂದ ಮೈಲಿಗಟ್ಟಲೆ ಮುಂದಿದ್ದೆ.

ದಣಿದ ಮಿದುಳು ರೂಢಿಯಾದ ಸದ್ದನ್ನು ತಾನೇ ತುಂಬಿಕೊಳ್ಳುತ್ತದೆ ಎಂದು ಪರಿಚಯದ ವೈದ್ಯರೊಬ್ಬರು ವಿವರಿಸಿದರು. ಅರ್ಧ ಒಪ್ಪಬಲ್ಲೆ. ಆದರೆ ಕೊನೆಯ ಭಾಗದಲ್ಲಿ ನನಗೆ ರೂಢಿಯಾಗಿದ್ದದ್ದು ಮೌನ. ಅಲ್ಲಿ ತುಂಬಿಕೊಳ್ಳಲು ಏನಿತ್ತು? ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಆ ದನಿ ಇರದಿದ್ದರೆ ನಾನು ಮೊದಲ ಸಾಲಿಗೇ ತಿರುಗುತ್ತಿದ್ದೆ. ತಿರುಗಿದ್ದರೆ ಆ ನಿರ್ಜನ ರಸ್ತೆಯಲ್ಲಿ, ಫೋನೂ ಇಲ್ಲದೆ, ಏನು ಮಾಡುತ್ತಿದ್ದೆನೋ ತಿಳಿಯದು. ನೀರಿನ ಮೇಜಿನವರು ನೆರವಾಗುತ್ತಿದ್ದರೇ? ಆ ದನಿ ಡೇರೆಯವರೆಗೆ ನನ್ನನ್ನು ನಡೆಸಿತೋ, ಇಲ್ಲವೇ ಗೆಳೆಯನಿಂದ ದೂರ ಒಯ್ದಿತೋ? ಭಗವಂತನ ಕೃಪೆ ಎಂದುಬಿಡುವುದು ನನ್ನಂಥವನಿಗೆ ಸುಲಭ. ಅಷ್ಟು ಸುಲಭವಾಗಿ ಅವನ ಹೆಸರನ್ನು ಬಳಸಲು ಮನಸ್ಸು ಒಪ್ಪುವುದಿಲ್ಲ.

ಮತ್ತೆ ನಾವು ಓಡಲಿಲ್ಲ. ಸಂಜೆ ಡೊಂಬಿವಲಿಯಲ್ಲಿ ನಿಧಾನವಾಗಿ ನಡೆಯುತ್ತೇವೆ. ಶೆಟ್ಟರು ಈಗ ನನ್ನ ಹಿಂದಲ್ಲ, ಪಕ್ಕದಲ್ಲಿರುತ್ತಾರೆ. ಸಂಥೆ ನಡೆಯುತ್ತದೆ. ಕೊನೆಯ ಭಾಗವನ್ನು ಕಲಿಸಿ ಎಂದು ಅವರು ಕೇಳುವುದಿಲ್ಲ, ನಾನೂ ಕಲಿಸಿಲ್ಲ. ಆದರೆ ಅದನ್ನು ಈಗ ಒಂದೇ ಓಘದಲ್ಲಿ ಹೇಳಿ ಮುಗಿಸುವುದೂ ಇಲ್ಲ. ಪ್ರತಿ ಸಾಲಿನ ಬಳಿಕ ಮರುನುಡಿಗೆ ಬೇಕಾಗುವಷ್ಟು ಬಿಡುವು ಕೊಡುತ್ತೇನೆ. ಶೆಟ್ಟರು ಬಾಯಿ ತೆರೆಯುವುದಿಲ್ಲ. ಇಬ್ಬರೂ ಹಿಂದಿರುಗಿ ನೋಡದೆ ಕಿವಿಗೊಟ್ಟು ನಡೆಯುತ್ತೇವೆ. ಇದುವರೆಗೆ ಏನೂ ಕೇಳಿಬಂದಿಲ್ಲ.